ಮುಚ್ಚದ ಕೊಳಕ್ಕೆ ಮೆಚ್ಚುಗೆಯ ಯಂತ್ರ

ಬೆಂಗಳೂರಿನ ಹೊರವಲಯದ ವಿಲ್ಲಾಗಳಲ್ಲಿ ಈಜುಕೊಳದ ಬದಿಗೆ ಹೀಟ್ ಪಂಪ್ ಕೂತಿರುವುದು ಈಗ ಹೊಸ ಸಂಗತಿಯಲ್ಲ. ಅದು ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ, ಕಾಯಿಲ್ ಹೀಟರಿಗಿಂತ ಎಷ್ಟೋ ಕಡಿಮೆ ವಿದ್ಯುತ್ತು ಸಾಕು. ಇಷ್ಟಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಕೀರ್ತಿಯ ಬಗ್ಗೆ. ಆ ಕೀರ್ತಿಯೆಲ್ಲ ಕ್ಯಾಟಲಾಗಿನ ಒಂದೇ ಅಂಕಿಯ ಮೇಲೆ ನಿಂತಿದೆ: ಸಿಒಪಿ 6. ಅಂದರೆ ಒಂದು ಯೂನಿಟ್ ವಿದ್ಯುತ್ತಿಗೆ ಆರು ಯೂನಿಟ್ ಶಾಖ.

ಅದರ ಕೆಳಗಿನ ಸಣ್ಣಕ್ಷರ ಓದಿ. ಗಾಳಿ 26 ಡಿಗ್ರಿ, ನೀರು 26 ಡಿಗ್ರಿ, ತೇವಾಂಶ ಶೇ 80. ಗಾಳಿಯೇ 26 ಇರುವಾಗ ಕೊಳ ಕಾಯಿಸುವ ಗರಜು ಯಾರಿಗೆ? ತೇವಾಂಶದ ಆಯ್ಕೆಯಂತೂ ಇನ್ನೂ ಸೊಗಸು. ಯಂತ್ರದ ತಣ್ಣನೆಯ ಕಾಯಿಲ್ ಮೇಲೆ ಆವಿ ನೀರಾಗುವಾಗ ಬಿಡುವ ಶಾಖವೂ ಯಂತ್ರದ ಖಾತೆಗೇ ಜಮೆ. ಅಷ್ಟು ತೇವದ ಗಾಳಿಯಲ್ಲಿ ಕೊಳದ ನೀರು ಆವಿಯಾಗುವುದೂ ಕಡಿಮೆ. ಹೀಗೆ, ಯಂತ್ರದ ಅಗತ್ಯ ತೀರಾ ಕಡಿಮೆ ಇರುವ ಹವೆಯಲ್ಲೇ ಅದರ ಪರೀಕ್ಷೆ. ನಮ್ಮ ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ, ಮನೆಯವರು ಕೇಳುವುದು 28ರ ನೀರು. ಗಾಳಿ 15 ಡಿಗ್ರಿ ಇದ್ದಾಗಿನ ಅಂಕಿಯನ್ನೂ ಹಲವು ತಯಾರಕರು ಅದೇ ಪಟ್ಟಿಯಲ್ಲಿ ಕೊಡುತ್ತಾರೆ. ಆರು ಅಲ್ಲಿ ನಾಲ್ಕರ ಆಸುಪಾಸಿಗೆ ಬಂದಿರುತ್ತದೆ. ಮಾರುವವರ ಬಾಯಲ್ಲಿ ಅದು ಬರುವುದು ಅಪರೂಪ.

ಇನ್ವರ್ಟರ್ ಮಾದರಿಗಳು ಹತ್ತನ್ನೂ ದಾಟಿಸಿ ಹೇಳುತ್ತವೆ. ಸುಳ್ಳೇನಲ್ಲ, ನಿಧಾನ ವೇಗದಲ್ಲಿ ಅವು ನಿಜಕ್ಕೂ ಮಿತವ್ಯಯಿ. ಆದರೆ ನಿಧಾನ ಎಂದರೆ ಹೆಚ್ಚು ಗಂಟೆ, ಅಷ್ಟೂ ಹೊತ್ತು ಫಿಲ್ಟರ್ ಪಂಪೂ ಓಡಬೇಕು. ಮುಕ್ಕಾಲು ಕಿಲೋವಾಟಿನ ಪಂಪು 20 ಗಂಟೆ ಓಡಿದರೆ 15 ಯೂನಿಟ್. ಸಿಒಪಿಯ ಲೆಕ್ಕದಲ್ಲಿ ಇದು ಸೇರುವುದಿಲ್ಲ.

ಹೋಗಲಿ, ಆರನ್ನು ಒಪ್ಪಿಯೇ ಬಿಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 160 ಲೀಟರ್ ಹೋಯಿತು. ಲೀಟರಿಗೆ ಸುಮಾರು 0.67 ಯೂನಿಟ್ ಶಾಖ, ಒಟ್ಟು 108ರ ಹತ್ತಿರ. ಸರಾಸರಿ 1.4 ಮೀಟರ್ ಆಳವಿದ್ದರೆ ಇಡೀ ಕೊಳ 2 ಡಿಗ್ರಿ ತಣ್ಣಗಾಗಲು ಇಷ್ಟು ಸಾಕು. ಇದನ್ನು ತುಂಬಿಕೊಡಲು ಸಿಒಪಿ 4ರ ಯಂತ್ರಕ್ಕೆ 27 ಯೂನಿಟ್ ವಿದ್ಯುತ್ತು ಬೇಕು, 6ರ ಯಂತ್ರಕ್ಕೆ 18. ನಾಲ್ಕರ ಯಂತ್ರವನ್ನೇ ಇಟ್ಟುಕೊಂಡು, ಆವಿಯನ್ನು ಅರ್ಧಕ್ಕಿಳಿಸುವ ಒಂದು ಬಬಲ್ ಶೀಟ್ ಹೊದಿಸಿದರೆ ಹದಿಮೂರೂವರೆ. ಕಾಯಿಸುವ ಖರ್ಚು ಹೊದಿಕೆಯಿಂದ ಶೇ 50ರಿಂದ 70ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ.

ಇಲ್ಲಿ ವಾಸ್ತುಶಿಲ್ಪದ ವಿಮರ್ಶಕರೊಂದಿಗೆ ಜಗಳ ಶುರುವಾಗುತ್ತದೆ. ನೀಲಿ ಪ್ಲಾಸ್ಟಿಕ್ ಹೊದಿಸಿದರೆ ಕೊಳದ ಅಂದ ಕೆಟ್ಟಿತು ಎನ್ನುವುದು ಅವರ ವಾದ. ಅನ್ನಕ್ಕಿಟ್ಟ ಎಸರಿಗೂ ಮುಚ್ಚಳ ಹಾಕುವ ಮನೆಯಲ್ಲಿ 45,000 ಲೀಟರ್ ಬಿಸಿನೀರನ್ನು ಬಯಲಿಗೆ ಬಿಡುವುದು ಯಾವ ಸೌಂದರ್ಯಶಾಸ್ತ್ರ? ಅಂಚು ಮೀರಿ ಹರಿಯುವ ಇನ್ಫಿನಿಟಿ ಕೊಳವನ್ನು ಹಾಡಿಹೊಗಳುವವರೂ ಇವರೇ. ಇಳಿಯುವ ಆ ತೆಳುಪದರವೇ ಗಾಳಿಗೆ ಇನ್ನಷ್ಟು ಶಾಖ ಕೊಡುತ್ತದೆ ಎನ್ನುವ ಮಾತು ಹೊಗಳಿಕೆಯ ನಡುವೆ ಕಾಣುವುದಿಲ್ಲ. ರಾತ್ರಿ ಯಾರೂ ನೋಡದ ಕನ್ನಡಿಗಾಗಿ ಬಿಲ್ ಕಟ್ಟುತ್ತಿರುವುದು ಮನೆಯವರು. ವಿಮರ್ಶಕರ ಒಂದು ಆಕ್ಷೇಪ ಮಾತ್ರ ಗಟ್ಟಿ: ಬಬಲ್ ಶೀಟ್ ಸುರಕ್ಷೆಯ ಹೊದಿಕೆಯಲ್ಲ, ಮೇಲೆ ಕಾಲಿಟ್ಟ ಮಗು ಅದರಡಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಬೇಲಿ ಬೇಕು, ಈಜುವಾಗ ಹಾಳೆಯನ್ನು ಪೂರ್ತಿ ಸುತ್ತಿಡಲು ರೋಲರ್ ಬೇಕು. ಹೊದಿಕೆಯೇ ಬೇಡ ಎನ್ನಲು ಅದು ಕಾರಣವಾಗದು.

ಹೀಟ್ ಪಂಪ್ ಒಳ್ಳೆಯ ಯಂತ್ರ, ಎರಡನೆಯ ಖರೀದಿಯಾಗಿ. ಮೊದಲು ಹೊದಿಕೆ ಕೊಳ್ಳಿ. ಆಮೇಲೆ ಮಾರುವವರನ್ನು ಗಾಳಿ 15, ನೀರು 28 ಇರುವಾಗಿನ ಸಿಒಪಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಕೊಡಲೊಲ್ಲದವರ ಯಂತ್ರ ಬೇಡ.