ತಿಪ್ಪೆಗೆ ಒಂದು ವರ್ಷ, ಟ್ರ್ಯಾಶ್‌ಗೆ ಏಳೇ ದಿನ

ಗೂಗಲ್ ಕೀಪ್‌ನಲ್ಲಿ ಅಳಿಸಿದ ಟಿಪ್ಪಣಿ ಟ್ರ್ಯಾಶ್‌ನಲ್ಲಿ ಉಳಿಯೋದು 7 ದಿನ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಫೈಲಿಗೆ 30 ದಿನ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿರುವ ಫೋಟೋಗೆ 60 ದಿನ. ಮೂರೂ ಒಂದೇ ಕಂಪನಿಯವು, ನಿಮ್ಮ ಒಂದೇ ಅಕೌಂಟಿನಲ್ಲಿ ಕೂತಿರುವಂಥವು. ಆ್ಯಪಲ್ ನೋಟ್ಸ್ 30 ದಿನ ಇಟ್ಟುಕೊಳ್ಳುತ್ತೆ, ಕೆಲವೊಮ್ಮೆ 40 ದಿನದವರೆಗೂ ಇರಬಹುದು ಅನ್ನುತ್ತೆ. ಮೈಕ್ರೋಸಾಫ್ಟ್‌ನ ಒನ್‌ನೋಟ್ 60 ದಿನ. ಎವರ್‌ನೋಟ್‌ನಲ್ಲಿ ಮಾತ್ರ ನೀವಾಗಿ ಬುಟ್ಟಿ ಖಾಲಿ ಮಾಡುವವರೆಗೂ ಇರುತ್ತೆ. ಡ್ರೈವ್ ಕೂಡ ಮೊದಲು ಹಾಗೇ ಇತ್ತು. 2020ರ ಅಕ್ಟೋಬರ್‌ನಲ್ಲಿ 30 ದಿನದ ಗಡುವು ಬಂತು.

ಈ ಅಂಕಿಗಳು ಎಲ್ಲೂ ಮುಚ್ಚಿಟ್ಟಿದ್ದಲ್ಲ. ಹೆಲ್ಪ್ ಪೇಜ್‌ನಲ್ಲಿ ಇವೆ. ಆದರೆ ಹೆಲ್ಪ್ ಪೇಜನ್ನು ನಾವು ಓದೋದು ಯಾವಾಗ? ಟಿಪ್ಪಣಿ ಕಳೆದುಹೋದ ಮೇಲೆ.

ನಮ್ಮೂರಲ್ಲಿ ಕಸ ಹಾಕುವ ಜಾಗಕ್ಕೂ ಒಂದು ಗಡುವು ಇತ್ತು. ದಿನಾ ಬೆಳಿಗ್ಗೆ ಕೊಟ್ಟಿಗೆಯ ಸಗಣಿ, ಅಂಗಳದ ಕಸ, ಒಲೆಯ ಬೂದಿ ಎಲ್ಲಾ ತಿಪ್ಪೆಗೆ ಹೋಗೋದು. ತಿಪ್ಪೆ ಖಾಲಿಯಾಗೋದು ಮಾತ್ರ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಗೊಬ್ಬರ ಹೊಲಕ್ಕೆ ಹೊಡೆಯುವಾಗ. ಹಾಗಾಗಿ ಮನೆಯಲ್ಲಿ ಯಾರದಾದರೂ ಮೂಗುಬೊಟ್ಟೋ ಕಾಲುಂಗುರವೋ ಕಾಣೆಯಾದರೆ ಮೊದಲು ಅಂಗಳ, ಆಮೇಲೆ ಬಚ್ಚಲು, ಕೊನೆಗೆ ತಿಪ್ಪೆ. ಹುಡುಕೋಕೆ ಟೈಮ್ ಇರೋದು. ಯಾವ ಪ್ರಾಡಕ್ಟ್ ಮ್ಯಾನೇಜರೂ ಕೂತು ಡಿಸೈನ್ ಮಾಡದ ವ್ಯವಸ್ಥೆ ಅದು. ಆದರೂ ಮನುಷ್ಯರಿಗೆ ಕಳೆದುಕೊಂಡದ್ದು ಗೊತ್ತಾಗೋದೇ ನಿಧಾನವಾಗಿ ಅನ್ನೋ ವಿಷಯ ಅದಕ್ಕೆ ತಿಳಿದಿತ್ತು.

ಹಾಗಾದರೆ ಟಿಪ್ಪಣಿಗೆ ಯಾಕೆ ಬರೀ ಏಳು ದಿನ? ಕೀಪ್‌ನ ರೂಪವೇ ಇದಕ್ಕೆ ಉತ್ತರ ಹೇಳುತ್ತೆ. ಬಣ್ಣಬಣ್ಣದ ಚೀಟಿಗಳು, ಫ್ರಿಡ್ಜ್ ಬಾಗಿಲಿಗೆ ಅಂಟಿಸಿದಂಥವು. ಹಾಲು, ಮೊಟ್ಟೆ, ಕರೆಂಟ್ ಬಿಲ್. ಕೆಲಸ ಮುಗೀತಾ, ಕಿತ್ತು ಬಿಸಾಕಿ. ಫೋಟೋ ಅಂದರೆ ನೆನಪು, ಫೈಲ್ ಅಂದರೆ ದಾಖಲೆ, ಟಿಪ್ಪಣಿ ಅಂದರೆ ಚೀಟಿ ಅನ್ನುವ ಲೆಕ್ಕ ಇದರ ಹಿಂದೆ ಇರುವ ಹಾಗೆ ಕಾಣುತ್ತೆ.

ಈಗ ನಿಮ್ಮ ನೋಟ್ಸ್ ಆ್ಯಪ್ ತೆರೆದು ಕೆಳಗಿನವರೆಗೂ ಸ್ಕ್ರಾಲ್ ಮಾಡಿ ನೋಡಿ. ಊರಿನ ಜಮೀನಿನ ಸರ್ವೆ ನಂಬರ್. ಅಮ್ಮ ಫೋನಿನಲ್ಲಿ ಹೇಳಿದ ಹುಳಿಪುಡಿಯ ಅಳತೆ. ಅಪ್ಪನ ಬಿಪಿ ಮಾತ್ರೆಗಳ ಪಟ್ಟಿ. ಯಾರಿಗೂ ತೋರಿಸದ ನಾಲ್ಕು ಪದ್ಯ. ಫೋಟೋವನ್ನಾದರೆ ಫ್ಯಾಮಿಲಿ ಗ್ರೂಪಿಗೆ ಹಾಕಿರ್ತೀವಿ, ಆಫೀಸ್ ಫೈಲು ಯಾರಿಗಾದರೂ ಮೇಲ್ ಆಗಿರುತ್ತೆ. ಟಿಪ್ಪಣಿಗೆ ಮಾತ್ರ ಪ್ರಪಂಚದಲ್ಲಿ ಇರೋದು ಅದೊಂದೇ ಪ್ರತಿ. ಒಂದೇ ಪ್ರತಿ ಇರುವುದಕ್ಕೇ ಅತಿ ಕಡಿಮೆ ದಿನ.

ಜಾಗದ ಖರ್ಚು ಅಂತ ಹೇಳೋಣ ಅಂದರೆ ಅದೂ ಸರಿಹೋಗಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಇಂಗ್ಲಿಷಿಗೆ 1 ಸಾಕು. ಆ ದುಬಾರಿ ಲೆಕ್ಕದಲ್ಲೂ 2,000 ಚಿಹ್ನೆಗಳ ಒಂದು ಉದ್ದನೆಯ ಕನ್ನಡ ಟಿಪ್ಪಣಿ ಹೆಚ್ಚು ಕಡಿಮೆ 6 ಕೆಬಿ ಆಗುತ್ತೆ. 3 ಎಂಬಿಯ ಒಂದು ಫೋಟೋ ಇಡುವ ಜಾಗದಲ್ಲಿ ಇಂಥ 500 ಟಿಪ್ಪಣಿ ಹಿಡಿಸುತ್ತವೆ. ಆ ಫೋಟೋಗೆ 60 ದಿನ ಕೊಡಬಲ್ಲವರಿಗೆ ಟಿಪ್ಪಣಿಗೆ ಒಂದು ವರ್ಷ ಕೊಡೋದು ಭಾರವೇನಲ್ಲ. ಇದು ಸ್ಟೋರೇಜ್‌ನ ಪ್ರಶ್ನೆ ಅಲ್ಲ, ಟಿಪ್ಪಣಿಯನ್ನು ಏನು ಅಂತ ತಿಳಿದುಕೊಂಡಿದ್ದೇವೆ ಅನ್ನೋದರ ಪ್ರಶ್ನೆ.

ನನ್ನ ಜೊತೆ ಕೆಲಸ ಮಾಡುವ, ಹಾಸನದ ಕಡೆಯವರೊಬ್ಬರ ವಿಷಯ ಹೇಳ್ತೀನಿ. ಅವರ ತಾಯಿ ಕಾಯಿಲೆ ಬಿದ್ದಿದ್ದಾಗ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದಷ್ಟು ಬರೆಸಿದ್ದರು. ಎಡೆ ಇಡುವಾಗ ಏನೇನು ಅಡುಗೆ ಆಗಬೇಕು, ಯಾರ ಮನೆಗೆ ಹೇಳಿ ಕಳಿಸಬೇಕು, ಐದು ತಲೆಮಾರಿನ ಹಿರಿಯರ ಹೆಸರು. ಇವರು ಫೋನಿನಲ್ಲೇ ಟೈಪ್ ಮಾಡಿಕೊಂಡರು. ಕೆಲವು ದಿನಕ್ಕೆ ಆ ತಾಯಿ ತೀರಿಕೊಂಡರು. ವರ್ಷದ ತಿಥಿಗೆ ಊರಿಗೆ ಹೊರಡುವ ಹಿಂದಿನ ವಾರ ಹುಡುಕಿದರೆ ಟಿಪ್ಪಣಿ ಇಲ್ಲ. ಯಾವಾಗ ಹೋಯಿತು, ಯಾರ ಕೈ ತಾಗಿ ಹೋಯಿತು, ಮಗು ಫೋನ್ ಹಿಡಿದಾಗಲೋ, ಹೊಸ ಫೋನಿಗೆ ಬದಲಾಯಿಸಿದಾಗಲೋ, ಒಂದೂ ಗೊತ್ತಾಗಲಿಲ್ಲ. ಆರ್ಕೈವ್, ಟ್ರ್ಯಾಶ್, ಇನ್ನೊಂದು ಅಕೌಂಟ್ ಎಲ್ಲಾ ನೋಡಿದ್ವಿ. ಕೊನೆಗೆ ಅರ್ಧ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ. ಅಡುಗೆಯ ಪಟ್ಟಿಯನ್ನು ಒಮ್ಮೆ ತಂಗಿಗೆ ಕಳಿಸಿದ್ದರಂತೆ. ಹಿರಿಯರ ಹೆಸರುಗಳಲ್ಲಿ ಮೂರು ತಲೆಮಾರಿನವು ಊರಿನ ದೊಡ್ಡಪ್ಪನಿಗೆ ನೆನಪಿದ್ದವು. ಉಳಿದ ಎರಡು ಸಿಗಲಿಲ್ಲ.

ಇಲ್ಲಿ ತಪ್ಪು ಹುಡುಕೋದಕ್ಕಿಂತ ಸಮಯದ ಲೆಕ್ಕ ನೋಡಿ. ನಮ್ಮ ಬದುಕಿನ ಬಹುಮುಖ್ಯ ಸಂಗತಿಗಳು ವರ್ಷಕ್ಕೊಮ್ಮೆ ಬರುತ್ತವೆ. ತಿಥಿ, ಊರಹಬ್ಬ, ಇನ್ಶೂರೆನ್ಸ್ ಕಂತು, ಇನ್‌ಕಮ್ ಟ್ಯಾಕ್ಸ್, ಮಗುವಿನ ಅಡ್ಮಿಷನ್. ಅವುಗಳಿಗೆ ಬೇಕಾದ ಟಿಪ್ಪಣಿಯನ್ನು ನಾವು ತೆರೆಯೋದೂ ವರ್ಷಕ್ಕೊಮ್ಮೆ. ದಿನಾ ತೆರೆಯುವ ಸಾಮಾನಿನ ಪಟ್ಟಿ ಅಳಿಸಿಹೋದರೆ ಸಂಜೆಯೇ ಗೊತ್ತಾಗುತ್ತೆ. ವರ್ಷಕ್ಕೊಮ್ಮೆ ತೆರೆಯುವುದು ಹೋದರೆ? 7 ದಿನವೂ ಒಂದೇ, 60 ದಿನವೂ ಒಂದೇ. ಟ್ರ್ಯಾಶ್‌ನ ಗಡುವು "ಅಯ್ಯೋ, ಈಗ ತಾನೇ ಅಳಿಸಿಬಿಟ್ಟೆ" ಅನ್ನೋರಿಗೆ ಮಾತ್ರ. "ಇಲ್ಲೇ ಇತ್ತಲ್ಲಾ" ಅನ್ನೋರಿಗೆ ಅಲ್ಲಿ ಜಾಗ ಇಲ್ಲ.

"ಕ್ಲೌಡ್‌ನಲ್ಲಿ ಇದೆ ಬಿಡು, ಎಲ್ಲೂ ಹೋಗಲ್ಲ" ಅಂತ ನಾವು ಹೇಳ್ತೀವಲ್ಲ, ಅದು ಸಿಂಕ್‌ಗೂ ಬ್ಯಾಕಪ್‌ಗೂ ವ್ಯತ್ಯಾಸ ಮರೆತು ಆಡುವ ಮಾತು. ಸಿಂಕ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಆಳು. ಫೋನಿನಲ್ಲಿ ಬರೆದದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುತ್ತೆ. ಫೋನಿನಲ್ಲಿ ಅಳಿಸಿದರೆ ಅದೇ ನಿಷ್ಠೆಯಿಂದ ಲ್ಯಾಪ್‌ಟಾಪಿನಲ್ಲೂ ಅಳಿಸುತ್ತೆ. ಮೂರು ಕಡೆ ಕಾಣುತ್ತೆ ಅಂದ ಮಾತ್ರಕ್ಕೆ ಮೂರು ಪ್ರತಿ ಇದೆ ಅಂತಲ್ಲ. ಒಂದೇ ಪ್ರತಿಗೆ ಮೂರು ಕಿಟಕಿ.

ನಿಜವಾದ ಬ್ಯಾಕಪ್ ಏನು ಅಂತ ಈ ಕಂಪನಿಗಳಿಗೆ ಚೆನ್ನಾಗಿ ಗೊತ್ತು. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಸ್ಟೋರೇಜ್ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿದ್ದ ಬಗ್‌ನಿಂದ ಶೇ 0.02ರಷ್ಟು ಬಳಕೆದಾರರ ಮೇಲ್‌ಬಾಕ್ಸ್ ಖಾಲಿ ಖಾಲಿ ಕಂಡಿತ್ತು. ಡೇಟಾ ಒಂದಕ್ಕಿಂತ ಹೆಚ್ಚು ಡೇಟಾ ಸೆಂಟರ್‌ಗಳಲ್ಲಿ ಇತ್ತು, ಆದರೆ ಬಗ್ ಆ ಪ್ರತಿಗಳಿಗೂ ತಗುಲಿತ್ತು. ಕಾಪಾಡಿದ್ದು ಟೇಪ್. ನೆಟ್‌ವರ್ಕಿನಿಂದ ದೂರ ಎತ್ತಿಟ್ಟಿದ್ದ ಟೇಪುಗಳಿಂದ ಮೇಲ್‌ಗಳನ್ನು ವಾಪಸ್ ತಂದರು. ಇವತ್ತಿಗೂ ಗೂಗಲ್ ತನ್ನ ನೀತಿಯ ಪುಟದಲ್ಲಿ ಹೇಳೋದೇನು? ಅಳಿಸಿದ ಡೇಟಾ ಸರ್ವರ್‌ಗಳಿಂದ ಪೂರ್ತಿ ಹೋಗೋಕೆ ಸಾಮಾನ್ಯವಾಗಿ 2 ತಿಂಗಳು ಬೇಕು, ಎನ್‌ಕ್ರಿಪ್ಟ್ ಆದ ಬ್ಯಾಕಪ್‌ಗಳಲ್ಲಿ 6 ತಿಂಗಳವರೆಗೂ ಇರಬಹುದು ಅಂತ.

ಅಂದರೆ ನಮಗೆ ಏಳೇ ದಿನಕ್ಕೆ ಸತ್ತುಹೋದ ಟಿಪ್ಪಣಿ ಅವರ ಗೋಡೌನಿನಲ್ಲಿ ಇನ್ನೂ ತಿಂಗಳುಗಟ್ಟಲೆ ಉಸಿರಾಡುತ್ತಿರಬಹುದು. ಆದರೆ ಆ ಗೋಡೌನ್ ಇರೋದು ಅವರ ಕಡೆಯ ಅನಾಹುತಕ್ಕೆ, ನಮ್ಮ ಕಡೆಯದಕ್ಕಲ್ಲ. ನನ್ನ ತಕರಾರು ಇರೋದು ಇಲ್ಲೇ. ತಾಂತ್ರಿಕ ಕಷ್ಟಗಳು ನನಗೂ ಗೊತ್ತು. ಕೋಟ್ಯಂತರ ಜನರ ಬ್ಯಾಕಪ್‌ನಿಂದ ಒಬ್ಬರ ಒಂದು ಚೀಟಿ ಹೆಕ್ಕಿ ತೆಗೆಯೋದು ಸುಲಭ ಅಲ್ಲ. ಅದಕ್ಕೇ ಟ್ರ್ಯಾಶ್ ಉದಾರವಾಗಿರಬೇಕು ಅನ್ನೋದು. ಬಳಕೆದಾರನ ಕೈಗೆ ಎಟಕುವ ಬ್ಯಾಕಪ್ ಅದೊಂದೇ.

ಇದಕ್ಕೆ ಗಟ್ಟಿಯಾದ ಎದುರುವಾದ ಒಂದಿದೆ. ಅಳಿಸೋದು ಕೂಡ ಒಂದು ಹಕ್ಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಆ ಹಕ್ಕನ್ನು ಹೇಳುತ್ತೆ. ಗಂಡನೋ ಅಣ್ಣನೋ ಫೋನ್ ತಡಕಾಡುವ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಏನೋ ಬರೆದು ಅಳಿಸಿದಳು ಅನ್ನಿ. ಅದು ವರ್ಷಪೂರ್ತಿ ಟ್ರ್ಯಾಶ್‌ನಲ್ಲಿ ಕೂತಿರೋದು ಅವಳಿಗೆ ಅಪಾಯ. ಒಪ್ಪಿದೆ. ಆದರೆ "ಈಗಲೇ ಶಾಶ್ವತವಾಗಿ ಅಳಿಸು" ಅನ್ನೋ ಆಯ್ಕೆ ಟ್ರ್ಯಾಶ್‌ನಲ್ಲಿ ಈಗಾಗಲೇ ಇದೆ. ಅವಳಿಗೆ ಅದು ಇರಲಿ. ಎಲ್ಲರಿಗೂ ಒಂದೇ ಗಡುವು ಹಾಕಿ ಅದನ್ನು ಪ್ರೈವಸಿ ಅನ್ನೋದು ತಿಪ್ಪೆ ಸಾರಿಸುವ ಕೆಲಸ.

ಕಳೆದುಕೊಂಡು ಇದನ್ನು ಓದುತ್ತಿರೋರು ಇದ್ದರೆ, ಹುಡುಕುವ ಕ್ರಮ ಹೀಗಿರಲಿ. ಮೊದಲು ಬೇರೆ ಅಕೌಂಟಿನಲ್ಲಿ ಬರೆದಿದ್ದಿರಾ ನೋಡಿ. ಆರ್ಕೈವ್ ನೋಡಿ, ಪಕ್ಕಕ್ಕೆ ಸರಿಸಿದ ಟಿಪ್ಪಣಿ ಎಷ್ಟೋ ಸಲ ಅಲ್ಲಿರುತ್ತೆ. ಆಮೇಲೆ ಟ್ರ್ಯಾಶ್. ಐಫೋನಿನಲ್ಲಿ ಜಿಮೇಲ್ ಅಕೌಂಟಿಗೆ ನೋಟ್ಸ್ ಆನ್ ಇದ್ದಿದ್ದರೆ ಅಲ್ಲಿ ಬರೆದದ್ದು ಐಕ್ಲೌಡ್‌ಗೆ ಹೋಗಿರಲ್ಲ, ಜಿಮೇಲ್‌ನಲ್ಲೇ ನೋಟ್ಸ್ ಅನ್ನುವ ಲೇಬಲ್ ಕೆಳಗೆ ಇರುತ್ತೆ. ಡ್ರಾಯರ್‌ನಲ್ಲಿ ಬಹಳ ದಿನದಿಂದ ಆಫ್ ಆಗಿರುವ ಹಳೇ ಫೋನ್ ಇದೆಯಾ? ಮನೆಯ ವೈಫೈ ಮೊದಲು ಆಫ್ ಮಾಡಿ, ಸಿಮ್ ತೆಗೆದು, ಆಮೇಲೆ ಅದನ್ನು ಆನ್ ಮಾಡಿ. ಸಿಂಕ್ ಆಗದ ಪ್ರತಿ ಅದರಲ್ಲಿ ಉಳಿದಿರಬಹುದು, ನೆಟ್ ಸಿಕ್ಕ ಕ್ಷಣ ಅದೂ ಹೋಗುತ್ತೆ.

"ಡಿಲೀಟ್ ಆದದ್ದು ರಿಕವರ್ ಮಾಡ್ತೀವಿ" ಅನ್ನೋ ಆ್ಯಪ್‌ಗಳಿಗೆ ಮಾತ್ರ ದುಡ್ಡು ಕೊಡಬೇಡಿ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಡಿಲೀಟ್ ಅಂದರೆ ಪಹಣಿಯಿಂದ ಹೆಸರು ಹೊಡೆದ ಹಾಗೆ. ಜಮೀನು ಅಲ್ಲೇ ಇರುತ್ತೆ, ಇನ್ನೊಬ್ಬರು ಬಂದು ಉಳುವವರೆಗೂ ಹುಡುಕಿ ತೆಗೆಯಬಹುದು. ಕ್ಲೌಡ್‌ನಲ್ಲಿ ಆ ಜಮೀನೇ ನಮ್ಮದಲ್ಲ. ಕಂಪನಿಯ ಸರ್ವರ್‌ನೊಳಗೆ ಈ ಆ್ಯಪ್‌ಗಳಿಗೆ ಪ್ರವೇಶ ಇಲ್ಲ, ರೂಟ್ ಮಾಡದ ಫೋನಿನಲ್ಲಿ ಇನ್ನೊಂದು ಆ್ಯಪ್‌ನ ಡೇಟಾ ಮುಟ್ಟೋಕೂ ಆಂಡ್ರಾಯ್ಡ್ ಬಿಡಲ್ಲ.

ನೋಟ್ಸ್ ಆ್ಯಪ್ ಕಟ್ಟುವವರನ್ನು ಕೇಳಬೇಕಾದ್ದು ದೊಡ್ಡದೇನಲ್ಲ. ಗಡುವನ್ನು ನಾವೇ ಆರಿಸಿಕೊಳ್ಳುವ ಹಾಗಿರಲಿ, ಅದರಲ್ಲಿ ಒಂದು ವರ್ಷವೂ ಇರಲಿ. ಶಾಶ್ವತವಾಗಿ ಅಳಿಸುವ ಮುಂಚೆ ಒಂದು ನೋಟಿಫಿಕೇಷನ್ ಬರಲಿ. ಯಾರದೋ ಸೇಲ್ ಶುರುವಾಯಿತು ಅಂತ ದಿನಕ್ಕೆ ಹತ್ತು ಬರುವ ಫೋನಿಗೆ ಅದೊಂದು ಭಾರ ಆಗಲ್ಲ. ಯಾವ ಟಿಪ್ಪಣಿ ಯಾವ ದಿನ ಯಾವ ಸಾಧನದಿಂದ ಅಳಿಯಿತು ಅನ್ನುವ ಒಂದು ಸಾಲಿನ ಲಾಗ್ ಸಿಗಲಿ. ಇದ್ಯಾವುದೂ ರಾಕೆಟ್ ಹಾರಿಸುವ ಕೆಲಸ ಅಲ್ಲ. ಇಂಥದ್ದನ್ನು ಬರೆಯೋ ಕೆಲಸದಲ್ಲೇ ಇರುವ ನಾವೇ ಎಷ್ಟೋ ಜನ ಈ ಪುಸ್ತಕ ಓದುತ್ತಿದ್ದೀವಿ. ಮುಂದಿನ ಸಲ ಡಿಸೈನ್ ಮೀಟಿಂಗ್‌ನಲ್ಲಿ ಯಾರಾದರೂ "ಡಿಫಾಲ್ಟ್ ಎಷ್ಟು ದಿನ ಇಡೋಣ?" ಅಂದಾಗ, ಬಾಯಿಗೆ ಬಂದ ನಂಬರ್ ಹೇಳೋ ಮುಂಚೆ ಒಂದು ನಿಮಿಷ ಯೋಚಿಸಬಹುದು.

ಅಲ್ಲಿಯವರೆಗೂ ನಮ್ಮ ಕೈಯಲ್ಲಿರೋದು ಪ್ರತಿ. ತಿನ್ನೋ ರಾಗಿ ಬೇರೆ, ಬಿತ್ತನೆ ರಾಗಿ ಬೇರೆ ಅಂತ ಎತ್ತಿಡೋದು ರೈತರ ಮನೆಯಲ್ಲಿ ಯಾರೂ ಕಲಿಸಬೇಕಾದ್ದಲ್ಲ. ಟಿಪ್ಪಣಿಗಳಲ್ಲೂ ಬಿತ್ತನೆಯವು ಹತ್ತಿಪ್ಪತ್ತು ಇರುತ್ತವೆ, ಅಷ್ಟೇ. ಅವನ್ನು ಯೂನಿಕೋಡ್‌ನ ಸಾದಾ ಟೆಕ್ಸ್ಟ್ ಫೈಲ್ ಮಾಡಿ ಬೇರೆ ಕಡೆ ಇಡಿ. ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಬರೆದಿಟ್ಟ ಫೈಲು ಸಿಕ್ಕೂ ಓದೋಕಾಗದೆ ಕನ್ವರ್ಟರ್ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಕೀಪ್‌ನಲ್ಲಿರುವುದನ್ನು ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಳ್ಳಬಹುದು. ಯುಗಾದಿಗೊಮ್ಮೆ ಮಾಡಿದರೂ ಸಾಕು.

ಮತ್ತೆ, ಹಿರಿಯರ ಹೆಸರಿನಂಥವು ಇದ್ದರೆ ತಂಗಿಗೂ ಕಳಿಸಿ. ಪೂರ್ತಿ ಕಳಿಸಿ.