ಕೂಗು ಮತ್ತು ಮಡಿ

ನಾಮಧಾರಿ ಎಂದೊಡನೆ ಮಲೆನಾಡಿನವರಿಗೆ ನಾಮಧಾರಿ ಗೌಡರು ನೆನಪಾದಾರು, ಬೆಂಗಳೂರಿನವರಿಗೆ ತರಕಾರಿ ಅಂಗಡಿ. ಗೌಡರಿಗೂ ಪಂಜಾಬಿನ ನಾಮಧಾರಿ ಸಿಖ್ಖರಿಗೂ ನಂಟಿಲ್ಲ. ಅಲ್ಲಿ ನಾಮ ಹಣೆಯ ಮೇಲೆ, ಇಲ್ಲಿ ನಾಲಿಗೆಯ ಮೇಲೆ. ಅಂಗಡಿಗೆ ಮಾತ್ರ ನಂಟಿದೆ. ಬಿಡದಿಯಲ್ಲಿ ಬಿತ್ತನೆ ಬೀಜದ ಉದ್ಯಮ ಕಟ್ಟಿದ ಉದಯ್ ಸಿಂಗ್ ಅವರೇ 2012ರಲ್ಲಿ ಗುರು ಜಗಜಿತ್ ಸಿಂಗ್ ತೀರಿಕೊಂಡ ಮೇಲೆ ಪಂಥದ ಹೊಣೆ ಹೊತ್ತವರು.

ಪಂಥದ ಇನ್ನೊಂದು ಹೆಸರು ಕೂಕಾ. ಪಂಜಾಬಿಯ ಕೂಕ್ ಎಂದರೆ ಕೂಗು. ಕನ್ನಡದ ಕಿವಿಗೆ ಅನುವಾದವೇ ಬೇಕಿಲ್ಲ. ಗುರು ಕಿವಿಯಲ್ಲಿ ಉಸುರಿದ ಮಂತ್ರವನ್ನು ಉಣ್ಣೆ ದಾರದ 108 ಗಂಟುಗಳ ಮಾಲೆ ಎಣಿಸುತ್ತ ಒಳಗೊಳಗೇ ಜಪಿಸಬೇಕು. ಆದರೆ ಎಲ್ಲರೂ ಕೂಡಿ ಹಾಡುವಾಗ ಆವೇಶ ಏರಿತೆಂದರೆ ಪೇಟ ಬಿಚ್ಚಿ, ಕೂದಲು ಕೆದರಿ, ಗಂಟಲು ಹರಿಯುವಂತೆ ಕೂಗಿಬಿಡುತ್ತಿದ್ದರು. ಆ ಕೂಗನ್ನು ಕಟ್ಟುಪಾಡಿನೊಳಗೆ ಕೂರಿಸಲು ಪಟ್ಟ ಪಾಡೇ ಈ ಪಂಥದ ಚರಿತ್ರೆ ಎಂದು ನನಗನ್ನಿಸುತ್ತದೆ.

1857ರ ಬೈಸಾಖಿಯಂದು ಲುಧಿಯಾನಾ ಜಿಲ್ಲೆಯ ಭೈಣಿಯಲ್ಲಿ ಸಂತ ಖಾಲ್ಸಾ ಎಂಬ ಹೆಸರಲ್ಲಿ ಈ ಪಂಥ ಕಟ್ಟಿದ ರಾಮ್ ಸಿಂಗ್ ಬಡಗಿಯ ಮಗ, ಹಿಂದೆ ಸಿಖ್ ಸೇನೆಯಲ್ಲಿ ಸಿಪಾಯಿ. ಅವರ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಮದುವೆ. 1863ರಲ್ಲಿ ಖೋಟೆ ಎಂಬ ಹಳ್ಳಿಯಲ್ಲಿ ಆನಂದ್ ಪದ್ಧತಿಯ ಮದುವೆಗಳನ್ನು ಮಾಡಿಸಿದರು. ಬ್ರಾಹ್ಮಣ ಪುರೋಹಿತನಿಲ್ಲ, ವರದಕ್ಷಿಣೆಯಿಲ್ಲ, ಅಬ್ಬರದ ದಿಬ್ಬಣವಿಲ್ಲ. ಖರ್ಚು ಒಂದೂಕಾಲು ರೂಪಾಯಿ. ಮದುವೆ ಸಾಲಕ್ಕೆ ಹೊಲ ಕಳೆದುಕೊಳ್ಳುವ, ಅದೇ ಭಯಕ್ಕೆ ಹೆಣ್ಣು ಕೂಸನ್ನು ಕೊಲ್ಲುವ ಸಮಾಜದಲ್ಲಿ ಇದು ಉಪದೇಶಕ್ಕಿಂತ ಹೆಚ್ಚಿನದು, ಲೆಕ್ಕಾಚಾರವನ್ನೇ ಬುಡಮೇಲು ಮಾಡಿದ್ದು. ಹೆಂಗಸರಿಗೂ ಅವರು ಅಮೃತದೀಕ್ಷೆ ಕೊಟ್ಟರು. ಆನಂದ್ ಮದುವೆಗೆ ಕಾನೂನಿನ ಮುದ್ರೆ ಬಿದ್ದದ್ದು 1909ರಲ್ಲಿ. ಇಂದಿಗೂ ಪಂಥದ ಮೇಳಗಳಲ್ಲಿ ಬಿಳಿಬಟ್ಟೆಯ ಜೋಡಿಗಳು ಸಾಲಾಗಿ ಕೂತು ಮದುವೆಯಾಗುತ್ತಾರೆ. ಛತ್ರದ ಬಾಡಿಗೆಗೇ ಬೆವರುವ ನಮ್ಮ ಕಡೆಯ ಅಪ್ಪಂದಿರು ಒಮ್ಮೆ ನೋಡಿ ಬರಬೇಕು.

ಮದುವೆಯಲ್ಲಿ ಮುಖ್ಯವಾಹಿನಿಯ ಸಿಖ್ಖರು ಗ್ರಂಥ ಸಾಹಿಬ್‌ಗೆ ಸುತ್ತು ಬಂದರೆ ನಾಮಧಾರಿಗಳು ಅಗ್ನಿಗೆ ಸುತ್ತು ಬರುತ್ತಾರೆ. ಹೋಮಕ್ಕೆ ಏಳು ಜನ: ಐವರು ಪಠಿಸುವವರು, ಒಬ್ಬ ಆಹುತಿ ಹಾಕುವವನು, ಒಬ್ಬ ನೀರು ಚಿಮುಕಿಸುವವನು. ಪುರೋಹಿತನನ್ನು ಹೊರಗೆ ಕಳಿಸಿ ಅವನ ಕುಂಡವನ್ನು ಉಳಿಸಿಕೊಂಡರು ಎಂಬ ಟೀಕೆ ಹಳೆಯದು. ಪಠಿಸುವುದು ಗುರುಗಳ ವಾಣಿಯನ್ನೇ ಆದ್ದರಿಂದ ಆ ಟೀಕೆ ನನಗೆ ಅಷ್ಟು ಭಾರವೆನಿಸುವುದಿಲ್ಲ. ದೊಡ್ಡ ಬಿರುಕು ಬೇರೆ ಕಡೆ ಇದೆ: ಗುರುತ್ವ ಗ್ರಂಥಕ್ಕೆ ಸಂದಿತು ಎಂಬುದು ಉಳಿದ ಸಿಖ್ಖರ ನಂಬಿಕೆಯ ನಡುಗಂಬ. ದೇಹಧಾರಿ ಗುರುಗಳ ಪರಂಪರೆ ಮುಂದುವರಿದಿದೆ ಎನ್ನುವ ನಾಮಧಾರಿಗಳು ಆ ಕಂಬವನ್ನೇ ಅಲುಗಿಸುತ್ತಾರೆ.

ನನ್ನ ತಕರಾರು ಮಡಿಯ ಬಗ್ಗೆ. ಇವರು ಅದನ್ನು ಸೋಧ್ ಎನ್ನುತ್ತಾರೆ. ಬೆಳಗಿನ ಜಾವವೇ ತಲೆಗೂದಲು ನೆನೆಯುವಂತೆ ಸ್ನಾನ, ತಾನೇ ಸೇದಿದ ನೀರು, ಕಟ್ಟುನಿಟ್ಟಿನವರಾದರೆ ದೀಕ್ಷೆಯಿಲ್ಲದವರು ಮಾಡಿದ ಅಡುಗೆ ಮುಟ್ಟುವಂತಿಲ್ಲ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಲಂಗರ್ ಕೊಟ್ಟ ಧರ್ಮದೊಳಗೆ ಇಂಥ ಗೆರೆ ಹೇಗೆ ಬಂತು? ಈ ಮಡಿ ಹುಟ್ಟಿನದಲ್ಲ, ನೇಮದ್ದು. ಬಡಗಿ, ಜಾಟ, ದಲಿತ ಯಾರೇ ಆಗಲಿ ದೀಕ್ಷೆ ಪಡೆದು ಒಳಗೆ ಬರಬಹುದು ಎಂದು ಸಮರ್ಥಿಸಬಹುದು. ನಿಜ. ಬಾಗಿಲು ತೆರೆದಿದ್ದರೂ ಗೋಡೆ ಗೋಡೆಯೇ.

ಈ ನಿಷ್ಠುರತೆಯೇ ಬ್ರಿಟಿಷರ ಅಂಚೆ, ಕೋರ್ಟು, ಮಿಲ್ ಬಟ್ಟೆಗಳಿಗೆ ಬೆನ್ನು ತಿರುಗಿಸುವ ಬಲ ಕೊಟ್ಟಿತು, ಗಾಂಧಿಗಿಂತ ಎಷ್ಟೋ ಮೊದಲು. ಅದೇ ನಿಷ್ಠುರತೆ ಕೆಲವರನ್ನು 1871ರಲ್ಲಿ, ಗೋಹತ್ಯೆಯ ಮೇಲಿನ ಸಿಟ್ಟಿನಲ್ಲಿ, ಅಮೃತಸರದ ಕಟುಕರ ಕೊಲೆಗೂ ಒಯ್ದಿತು. 1872ರ ಜನವರಿಯಲ್ಲಿ ಮಲೇರಕೋಟ್ಲಾದ ಮೇಲಿನ ದಾಳಿಗೆ ಪ್ರತಿಯಾಗಿ ಅಲ್ಲೇ ಅರವತ್ತಕ್ಕೂ ಹೆಚ್ಚು ಕೂಕಾಗಳನ್ನು ಸರಿಯಾದ ವಿಚಾರಣೆಯಿಲ್ಲದೆ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಾಯಿತು. ರಾಮ್ ಸಿಂಗ್‌ರನ್ನು ರಂಗೂನಿಗೆ ಗಡಿಪಾರು ಮಾಡಲಾಯಿತು. 1885ರಲ್ಲಿ ಅವರು ಸತ್ತರೆಂದು ಸರ್ಕಾರ ಹೇಳಿತು. ಪಂಥ ನಂಬಲಿಲ್ಲ.

ಆಮೇಲೆ ಕೂಗು ಎಲ್ಲಿ ಹೋಯಿತು? ರಾಗಕ್ಕೆ ಹೋಯಿತು. ಪಂಥದ ಗುರು ಪ್ರತಾಪ್ ಸಿಂಗ್ 1933ರಲ್ಲಿ ಭೈಣಿಯಲ್ಲಿ ಸಂಗೀತ ಸಮ್ಮೇಳನ ನಡೆಸಿದರು. ಅವರ ಮಗ ಜಗಜಿತ್ ಸಿಂಗ್ ಸ್ವತಃ ದಿಲ್‌ರುಬಾ ನುಡಿಸುತ್ತಿದ್ದರು, ಹಳ್ಳಿ ಮಕ್ಕಳನ್ನು ಉಸ್ತಾದರ ಬಳಿ ಕೂರಿಸಿದರು. ಹಾರ್ಮೋನಿಯಂ ಬಂದು ಗುರುದ್ವಾರಗಳಿಂದ ತಂತಿವಾದ್ಯಗಳನ್ನು ಓಡಿಸಿದ ಕಾಲದಲ್ಲಿ ತಾವುಸ್, ದಿಲ್‌ರುಬಾಗಳಿಗೆ ಇಲ್ಲಿ ಆಸರೆ ಸಿಕ್ಕಿತು. ಭೈಣಿಯ ಬೆಳಗಿನ ಆಸಾ ದೀ ವಾರ್ ಕೀರ್ತನೆ ಈಗ ಶಿಸ್ತಿನ, ಅಳೆದ ಗಾಯನ. ಆದರೆ ಹೋಳಿಯ ಹೊತ್ತಿನ ಮೇಳದಲ್ಲಿ, ಢೋಲಕ್ಕು ಜೋರಾಗುತ್ತಿದ್ದಂತೆ, ಯಾರದೋ ಬಿಳಿ ಪೇಟ ಈಗಲೂ ಬಿಚ್ಚಿ ಬೀಳುತ್ತದೆ.