ಡೊಳ್ಳಿನ ಪದ ಕೇಳುವವರಿಗೆ

ಡೊಳ್ಳು ಅಂದರೆ ಮೆರವಣಿಗೆ ಅಂದುಕೊಂಡವರೇ ಹೆಚ್ಚು. ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಲ್ಲಬೇಕು, ಮಂತ್ರಿಗಳು ಬಂದಾಗ ಐದು ನಿಮಿಷ ಕುಣಿದು ತೋರಿಸಬೇಕು, ಜನ ಮೊಬೈಲ್ ಎತ್ತಿ ಹಿಡಿಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಡೊಳ್ಳು ಮೊದಲು ಹಾಡಿನ ವಾದ್ಯ. ಕುರುಬರ ದೇವರು ಬೀರಪ್ಪನ ಗುಡಿ ಮುಂದೆ ಎರಡು ಮೇಳ ಎದುರುಬದುರಾಗಿ ನಿಂತರೆ ಬೆಳಕು ಹರಿಯುವವರೆಗೂ ಪದ ನಡೆಯುತ್ತದೆ. ಅಲ್ಲಿಗೂ ಈಗ ಸಿನಿಮಾ ಧಾಟಿ ನುಗ್ಗಿದೆ. ಯೂಟ್ಯೂಬಿನ ಹತ್ತು ನಿಮಿಷದ ತುಣುಕು ನೋಡಿ ಡೊಳ್ಳಿನ ಪದ ಕೇಳಿದ್ದೇನೆ ಎನ್ನುವವರ ಜೊತೆ ನನಗೆ ಮಾತು ಬೆಳೆಸಲು ಮನಸ್ಸಿಲ್ಲ.

ಇದನ್ನು ಬರೆಯಲು ಕಾರಣ ನನ್ನ ಮಿತ್ರರೊಬ್ಬರು. ಮೆಥಡಿಸ್ಟ್ ಸಭೆಯವರು, ಓದಿಕೊಂಡವರು. ಈ ಸೀಮೆಗೆ ಕ್ರೈಸ್ತ ಸಭೆ ಹೊಸದಲ್ಲ, ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ದೇವರನ್ನು ಕುರುಬನೆಂದು ಕರೆಯುವ ಬೈಬಲಿನ 23ನೇ ಕೀರ್ತನೆ ಈ ಜಿಲ್ಲೆಯ ಕ್ರೈಸ್ತರ ಮನೆಗಳಲ್ಲಿ ತಲೆಮಾರುಗಳಿಂದ ಕಂಠಪಾಠ. ಆ ಮಿತ್ರರು ಒಮ್ಮೆ ಕೇಳಿದರು: 'ನಿಮ್ಮ ಡೊಳ್ಳಿನ ಪದದಾಗ ಗದ್ದಲ ಬಿಟ್ಟರ ಮತ್ತೇನೈತ್ರಿ?' ನೀವು ದಿನಾ ನೆನೆಯುವ ಕುರುಬನೇ ಇದಾನ್ರಿ ಎಂದೆ. ಅವರು ನಂಬಲಿಲ್ಲ.

ಕೇಳುವವರು ಮೊದಲು ಡೊಳ್ಳು ತಗ್ಗುವ ಜಾಗಕ್ಕೆ ಕಿವಿಗೊಡಬೇಕು. ಮೇಳ ಜೋರಾಗಿ ಬಾರಿಸುತ್ತ ದೇವರನ್ನು ಹೊಗಳುವಾಗ ಎಲ್ಲರೂ ತಲೆದೂಗುತ್ತಾರೆ, ಅರಿಶಿನದ ಭಂಡಾರ ಹಾರುತ್ತದೆ. ಆಮೇಲೆ ಕೋಲಿನ ಪೆಟ್ಟು ಸಣ್ಣದಾಗಿ, ಮುಂದೆ ನಿಂತ ಹಾಡುಗಾರ ಕುರಿ ಕಾಯುವ ಕೆಲಸವನ್ನು ಒಂದೊಂದಾಗಿ ಹೇಳತೊಡಗುತ್ತಾನೆ. ಯಾವ ಹಳ್ಳದಲ್ಲಿ ನೀರು ಕುಡಿಸಿದ, ಎಲ್ಲಿ ಜಾಲಿಕಾಯಿ ಉದುರಿಸಿದ, ಯಾವ ಕುರಿ ಕುಂಟಿತು. ಬಂದವರು ಚಹಾ ಕುಡಿಯಲು ಎದ್ದು ಹೋಗುವುದು ಇದೇ ಹೊತ್ತಿಗೆ. ಪದದ ಜೀವ ಇರುವುದೂ ಇಲ್ಲಿಯೇ.

ನನಗೆ ಇದು ತಿಳಿದದ್ದು ಮೂಡಲಗಿ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ. ಆ ರಾತ್ರಿ ಪದ್ಮಗೊಂಡನ ಕತೆ ಹಾಡುತ್ತಿದ್ದರು. ಹೊಲ ಹೊಡೆಯುವಾಗ ಹುತ್ತ ಒಡೆಯುತ್ತದೆ, ಒಳಗೆ ಅಡಗಿದ್ದ ಕುರಿಗಳೆಲ್ಲ ಹೊರಬೀಳುತ್ತವೆ. ಕುರುಬರ ಹಾಲುಮತದ ಮೊದಲ ಹಿಂಡು ಅದು. ವಿವರ ಮೇಳದಿಂದ ಮೇಳಕ್ಕೆ ಬದಲಾಗುತ್ತದೆ. ಅಂದಿನ ಹಾಡುಗಾರ ಆ ಹಿಂಡಿನ ಮೊದಲ ರಾತ್ರಿಯನ್ನೇ ಹಿಡಿದು ಹಿಗ್ಗಿಸಿದ. ಅಡವಿ ಹೊಸದು, ಕುರಿ ಹೊಸವು, ಬೇಲಿಯಿಲ್ಲ. ಪದ್ಮಗೊಂಡ ಕೂರುವಂತಿಲ್ಲ, ಮಲಗುವಂತಿಲ್ಲ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕ ತನ್ನಷ್ಟಕ್ಕೆ ಅಂದ: 'ಖರೇ ಐತಿ. ಹೊಸಾ ಜಾಗಾದಾಗ ಕುರಿ ನಿದ್ದಿ ಮಾಡಂಗಿಲ್ಲ. ಕುರಿ ನಿದ್ದಿ ಮಾಡಲಿಲ್ಲಂದ್ರ ನಮಗೆಲ್ಲೀದು?' ಅಲ್ಲಿಯವರೆಗೆ ನನಗೆ ಪುರಾಣವಾಗಿದ್ದದ್ದು ಆಗ ಒಬ್ಬ ಮನುಷ್ಯನ ಕಷ್ಟವಾಗಿ ಕೇಳಿಸಿತು.

ಇನ್ನು ಮಿತ್ರರು ನೆನೆಯುವ ಕುರುಬನ ಮಾತು. ಕ್ಯಾಲೆಂಡರಿನ ಯೇಸುವಿನ ಹೆಗಲ ಮೇಲೆ ಬಿಳಿ ಮರಿಯಿದೆ. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ಮೂರನೇ ಶತಮಾನದಲ್ಲೇ ಈ ಚಿತ್ರ ಬರೆದಿದ್ದಾರೆ. ಬರಬರುತ್ತ ಅದು ಬರೀ ಚೆಂದವಾಗಿ ಉಳಿಯಿತು. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದ ಕುರುಬ ಅಷ್ಟು ಮೃದುವಲ್ಲ. ಅವನು ಹಿಂಡಿನ ಮುಂದೆ ನಡೆಯುತ್ತಾನೆ, ಕುರಿಗಳು ಅವನ ದನಿ ಹಿಡಿದು ಬರುತ್ತವೆ, ತೋಳ ಬಂದಾಗ ಕೂಲಿಯವನು ಓಡುತ್ತಾನೆ, ಇವನು ನಿಲ್ಲುತ್ತಾನೆ. ಈ ಕುರುಬನನ್ನು ಕಾಣಬೇಕೆಂದರೆ ಘಟಪ್ರಭೆಯ ಬಯಲಿಗೆ ಬನ್ನಿ. ಹಿಡಕಲ್ ಅಣೆಕಟ್ಟಿನ ನೀರು ಬಂದ ಮೇಲೆ ಎಲ್ಲೆಲ್ಲೂ ಕಬ್ಬು, ಬೀಳು ನೆಲ ಕಡಿಮೆ. ಆದರೂ ಸುಗ್ಗಿ ಮುಗಿದ ಹೊಲದಲ್ಲಿ ರೈತರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ, ಕುರುಬರಿಗೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ಸಂಜೆ ಹಿಂಡು ಹೊರಳಿ ಬಂದಾಗ ಬಲೆಯೊಳಗಿನ ಮರಿಗಳನ್ನು ಬಿಡುವುದನ್ನು ನೋಡಿ. ನೂರು ಮರಿ ಒಮ್ಮೆಲೇ ಒದರುತ್ತ ತಾಯಿಯನ್ನು ಹುಡುಕುತ್ತವೆ. ತಾಯಿ ಸತ್ತ ಮರಿಯನ್ನು ಕುರುಬ ಬಗಲಲ್ಲಿ ಇರುಕಿಕೊಂಡು ಇನ್ನೊಂದು ಕುರಿಯ ಕಾಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯುತ್ತಾನೆ. ಆ ಕುರಿ ಒದೆಯುತ್ತದೆ. ಮರಿಯ ಹೊಟ್ಟೆ ತುಂಬುವವರೆಗೂ ಅವನು ಬಿಡುವುದಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಕೀರ್ತನೆಯಲ್ಲಿ ಹಾಡುವವನು ಕುರಿ. ದಾವೀದ ಸ್ವತಃ ಕುರಿ ಕಾದವನಾದರೂ ಅಲ್ಲಿ ಕುರಿಯ ಬಾಯಲ್ಲೇ ಮಾತಾಡುತ್ತಾನೆ. ಡೊಳ್ಳಿನ ಪದದಲ್ಲಿ ಯಾರೂ ತಮ್ಮನ್ನು ಕುರಿ ಅಂದುಕೊಳ್ಳುವುದಿಲ್ಲ. ಹಾಡುವವನೂ ಕುರುಬ, ದೇವರೂ ಕುರುಬರವನೇ. ಆ ದೇವರಾದರೂ ಕೂಸಾಗಿದ್ದಾಗ ಅಡವಿಪಾಲಾದವನು. ಬೀರಪ್ಪನನ್ನು ತೊಟ್ಟಿಲಿನಿಂದ ಎತ್ತಿ ಸಾಕಿದವಳು ಅಕ್ಕ ಮಾಯವ್ವ. ಕಾಯಿಸಿಕೊಂಡವನು ಮುಂದೆ ಕಾಯುವವನಾಗುತ್ತಾನೆ. ನನ್ನ ಮಟ್ಟಿಗೆ ದೇವರ ಕರುಣೆಯ ಬಗ್ಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಮಾಯವ್ವನ ಭಾಗ ಹಾಡುವಾಗ ಪಕ್ಕದವರೊಡನೆ ಹರಟುವವರನ್ನು ನಾನು ಎಬ್ಬಿಸಿ ಕಳಿಸಿದ್ದುಂಟು.

ಉಳಿದದ್ದು ಕೇಳುತ್ತ ಕೇಳುತ್ತ ತಿಳಿಯುತ್ತದೆ. ಒಂದು ಮೇಳ ಪುರಾಣದ ಪ್ರಶ್ನೆ ಹಾಕುತ್ತದೆ, ಇನ್ನೊಂದು ಪದದಲ್ಲೇ ಉತ್ತರ ಕೊಡುತ್ತದೆ. ಯಾರು ಗೆದ್ದರು ಎಂಬ ಚಿಂತೆ ಬೇಡ. ಮಾತು ಹಿಡಿಯದಿದ್ದರೆ ಹಿಂದೆ ನಿಂತವರು ಎತ್ತಿಕೊಳ್ಳುವ ಸಾಲನ್ನು ಗಮನಿಸಿ, ಅವರು ಅದನ್ನು ಮತ್ತೆ ಮತ್ತೆ ಹಾಡುತ್ತಾರೆ.

ಪದ ಎಲ್ಲಿ ಕೇಳಬೇಕು ಎನ್ನುವವರಿಗೆ ಎರಡು ಜಾತ್ರೆ ಹೇಳುತ್ತೇನೆ. ಬೀರಪ್ಪನ ಅಕ್ಕನೆಂದೇ ಕುರುಬರು ನಂಬುವ ಮಾಯಕ್ಕನ ಜಾತ್ರೆ ಪಕ್ಕದ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ, ಭಾರತ ಹುಣ್ಣಿಮೆಗೆ. ದೀಪಾವಳಿ ಅಮಾವಾಸ್ಯೆಗೆ ಗಡಿಯಾಚೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಬೀರಪ್ಪನ ಶಿಷ್ಯ ಮಾಳಿಂಗರಾಯನ ಜಾತ್ರೆ. ಅಲ್ಲಿ ಪಲ್ಲಕ್ಕಿಗಳ ಭೇಟಿ ನೋಡಲು ಕನ್ನಡ, ಮರಾಠಿ ಎರಡೂ ಭಾಷೆಯ ಮಂದಿ ಸೇರುತ್ತಾರೆ. ಎರಡೂ ದೂರವಾದರೆ ನಿಮ್ಮೂರಿನ ಹತ್ತಿರದ ಬೀರಪ್ಪನ ಗುಡಿ ಸಾಕು. ಒಂದು ಕಂಬಳಿ ತನ್ನಿ, ಮೇಳಕ್ಕೆ ಹತ್ತಿರ ಕೂತುಕೊಳ್ಳಿ, ಡೊಳ್ಳು ತಗ್ಗಿದಾಗ ದಯವಿಟ್ಟು ಎದ್ದು ಹೋಗಬೇಡಿ.